ನಿಧಾನದ ಚೆಂಡು

"ಏಯ್, ಆ ಬಾಲ್ ಸ್ವಲ್ಪ ಎಸೀತೀಯಾ?"

ಸೌಜನ್ಯ ಬೆಚ್ಚಿದಳು. ಭಾನುವಾರ ಬೆಳಿಗ್ಗೆ ಮುಕ್ಕಾಲು ಗಂಟೆಯಿಂದ ಅವಳು ಸ್ಕೂಲ್ ಮೈದಾನದ ಮುರುಕು ಕಾಂಪೌಂಡಿನ ಹಿಂದೆ, ಅಕೇಶಿಯಾ ಮರದ ಮರೆಯಲ್ಲಿ ಕೂತಿದ್ದಳು. ಯಾರಿಗೂ ಕಾಣುತ್ತಿಲ್ಲ ಅಂದುಕೊಂಡಿದ್ದಳು. ಈಗ ಹಳದಿ ಚೆಂಡೊಂದು ಗೋಡೆಯ ಸಂದಿಯಿಂದ ಉರುಳಿ ಬಂದು ಅವಳ ಚಪ್ಪಲಿಗೆ ತಾಗಿ ನಿಂತಿತ್ತು.

ಅವಳು ಕೈಯಲ್ಲಿದ್ದ ನೋಟ್‌ಬುಕ್ಕನ್ನು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಲೆ ಟಾಪ್ ಎಳೆದುಕೊಂಡು, ಚೆಂಡು ಎತ್ತಿಕೊಂಡು ಎದ್ದು ನಿಂತಳು.

ಕರೆದ ಹುಡುಗಿಯ ಹೆಸರು ಅಪೇಕ್ಷಾ. ಒಂಬತ್ತನೇ ಕ್ಲಾಸು. ಅವಳು ಚೆಂಡು ಎಸೆಯುವುದನ್ನು ನೋಡಲೆಂದೇ ಸೌಜನ್ಯ ನಿನ್ನೆ ಸಂಜೆ ಅಪ್ಪನ ಜೊತೆ ಹೊಸನಗರದಲ್ಲಿ ಬಸ್ಸು ಹತ್ತಿ ಸಾಗರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕೆಳದಿ ದಾಟಿ ಈ ಊರಿಗೆ ಬಂದಿದ್ದಳು.

ಬುಧವಾರ ಸಾಗರದಲ್ಲಿ ಹೈಸ್ಕೂಲು ಹುಡುಗಿಯರ ಸಾಫ್ಟ್‌ಬಾಲ್ ಸೆಮಿಫೈನಲ್ ಇತ್ತು. ಸೌಜನ್ಯಳ ಹೊಸನಗರದ ತಂಡಕ್ಕೂ ಈ ಊರಿನ ತಂಡಕ್ಕೂ ಪಂದ್ಯ. ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲಿನ ತಂಗಿ ಎಂದು ಅವರ ಪಿ.ಟಿ. ಮೇಷ್ಟ್ರು ಪೂರ್ಣೇಶ್ ಸರ್ ಹೇಳುತ್ತಿದ್ದರು. ಅವರು ಕಾಲೇಜಿನಲ್ಲಿ ಬೇಸ್‌ಬಾಲ್ ಆಡಿದವರು. ಸಾಫ್ಟ್‌ಬಾಲಿನಲ್ಲಿ ಪಿಚರ್ ಕೈಯನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ, ಸೊಂಟದ ಹತ್ತಿರದಿಂದ ಚೆಂಡು ಬಿಡುತ್ತಾಳೆ. ಬ್ಯಾಟ್ ಹಿಡಿದವಳಿಗೆ ಮೂರು ಸಲ ತಪ್ಪಿದರೆ ಔಟ್. ಹೊಡೆದು, ಮೈದಾನದ ನಾಲ್ಕು ಮೂಲೆಯ ಬೇಸ್ ಮುಟ್ಟಿ ಸುತ್ತಿ ಬಂದರೆ ಒಂದು ರನ್.

ಹೋದ ವರ್ಷ ಅಪೇಕ್ಷಾ ಹೊಸನಗರದವರನ್ನು ಹೀಗೆ ಹನ್ನೊಂದು ಸಲ ಔಟ್ ಮಾಡಿದ್ದಳು. ಕ್ಯಾಪ್ಟನ್ ವಿನಯಾ ಒಬ್ಬಳನ್ನೇ ಮೂರು ಸಲ. ಅವಳ ಹತ್ತಿರ ಒಂದು ನಿಧಾನದ ಚೆಂಡಿತ್ತು. ಕೈ ಅಷ್ಟೇ ಜೋರಾಗಿ ತಿರುಗುತ್ತಿತ್ತು, ಚೆಂಡು ಮಾತ್ರ ನಿದ್ದೆಯಿಂದ ಎದ್ದವರ ಹಾಗೆ ಬರುತ್ತಿತ್ತು. ಅದು ಬರುವ ಹೊತ್ತಿಗೆ ಬ್ಯಾಟ್ ಬೀಸಿ ಮುಗಿದಿರುತ್ತಿತ್ತು.

ಈ ಸಲ ಮೊದಲೇ ನೋಡಿಕೊಂಡು ಬರಬೇಕು ಎಂದು ಪೂರ್ಣೇಶ್ ಸರ್ ತೀರ್ಮಾನಿಸಿದ್ದರು. ಸೌಜನ್ಯಳ ಸೋದರತ್ತೆ ಗುತ್ಯಮ್ಮನ ಮನೆ ಈ ಮೈದಾನದ ಹಿಂದೆಯೇ ಇದೆ ಎಂದು ಗೊತ್ತಾದಾಗ ಅವರಿಗೆ ತುಂಬಾ ಖುಷಿಯಾಯಿತು. ಹೇಗೆ ಎಸೀತಾಳೆ, ಮೊದಲ ಬಾಲು ಎಲ್ಲಿಗೆ ಹಾಕ್ತಾಳೆ, ಎಲ್ಲಾ ನೋಡಿ ಬರ್ಕೊಂಡು ಬಾ ಅಂದಿದ್ದರು. ಸೌಜನ್ಯ ಎಂಟನೇ ಕ್ಲಾಸು. ತಂಡಕ್ಕೆ ಸೇರಿ ಮೂರು ತಿಂಗಳಾಗಿತ್ತು. ಇಂಥ ಕೆಲಸ ತನಗೆ ಸಿಕ್ಕಿದೆ ಎಂದು ಎರಡು ದಿನ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಈಗ ಅವಳು ಚೆಂಡನ್ನು ಬೇಕೆಂದೇ ಸೊಟ್ಟಗೆ ಎಸೆದಳು. ಅದು ಅಪೇಕ್ಷಾಳಿಂದ ಎರಡು ಮಾರು ಆಚೆ ಬಿತ್ತು.

ಅಪೇಕ್ಷಾ ಅದನ್ನು ಹೆಕ್ಕಿಕೊಂಡು ಗೋಡೆಯ ಹತ್ತಿರ ಬಂದಳು. ಬೆವರಿನಿಂದ ಅವಳ ಕೂದಲು ಹಣೆಗೆ ಅಂಟಿತ್ತು. ಗುತ್ಯಮ್ಮನ ಮನೆಗೆ ಬಂದವಳಾ ಎಂದು ಕೇಳಿದಳು. ಸೌಜನ್ಯ ಹೌದು ಅಂದಳು. ತಂಡದಲ್ಲಿ ಅವಳ ಚೆಂಡು ಹಿಡಿಯುವ ಕ್ಯಾಚರ್ ಹುಡುಗಿಗೆ ಮೂರು ದಿನದಿಂದ ಜ್ವರವಂತೆ. ಗೋಡೆಗೆ ಎಸೆದು ಎಸೆದು ಬೇಜಾರು ಬಂದಿದೆಯಂತೆ.

"ನೀನು ಸ್ವಲ್ಪ ಹಿಡೀತೀಯಾ? ನಾನು ಮೆಲ್ಲಗೆ ಹಾಕ್ತೀನಿ."

"ನಂಗೆ ಈ ಆಟ ಗೊತ್ತಿಲ್ಲ," ಅಂದಳು ಸೌಜನ್ಯ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು.

"ಪರವಾಗಿಲ್ಲ, ಹೇಳಿಕೊಡ್ತೀನಿ ಬಾ."

ಹೀಗೆ ಸೌಜನ್ಯ ಗೋಡೆ ದಾಟಿ ಒಳಗೆ ಬಂದಳು. ಅಪೇಕ್ಷಾ ಚೀಲದಿಂದ ತೆಗೆದುಕೊಟ್ಟ ಇನ್ನೊಂದು ತೊಗಲಿನ ಗ್ಲೌಸನ್ನು ಬೇಕೆಂದೇ ಬಲಗೈಗೆ ಹಾಕಿಕೊಂಡಳು. ಅಪೇಕ್ಷಾ ನಗಲಿಲ್ಲ. ತೆಗೆದು ಎಡಗೈಗೆ ಹಾಕಿ, ಒಂದೊಂದು ಬೆರಳನ್ನೂ ಸರಿಯಾದ ಜಾಗಕ್ಕೆ ಸೇರಿಸಿದಳು. ಚೆಂಡಿಗೆ ಹೆದರಿ ಕಣ್ಣು ಮುಚ್ಚಬೇಡ, ನೋವಾದರೆ ಹೇಳು, ನಿಲ್ಲಿಸ್ತೀನಿ ಎಂದಳು. ಇವೆಲ್ಲ ಮೂರು ತಿಂಗಳ ಹಿಂದೆಯೇ ಕಲಿತಿದ್ದ ಸೌಜನ್ಯ ಹೂಂ, ಹೂಂ ಅಂದಳು.

ಮೊದಲ ಎರಡು ಚೆಂಡನ್ನು ಬೇಕೆಂದೇ ಕೈಬಿಟ್ಟಳು. ಮೂರನೆಯದಕ್ಕೆ ಮರೆತು ಹೋಯಿತು. ಟಪ್ ಎಂದು ಗ್ಲೌಸಿನ ನಡುವೆ ಹಿಡಿದುಬಿಟ್ಟಳು.

"ಅರೆ, ನಿಂಗೆ ಬರುತ್ತೆ," ಅಂದಳು ಅಪೇಕ್ಷಾ. ಅವಳ ಮುಖ ಅರಳಿತ್ತು.

ಆಮೇಲೆ ಆಟ ಚೆನ್ನಾಗಿಯೇ ಆಯಿತು. ಅಪೇಕ್ಷಾ ನಿಧಾನವಾಗಿ ವೇಗ ಹೆಚ್ಚಿಸಿದಳು. ಎಸೆಯುವ ಮುಂಚೆ ಅವಳು ಚೆಂಡನ್ನೂ ಕೈಯನ್ನೂ ಗ್ಲೌಸಿನೊಳಗೆ ಇಟ್ಟುಕೊಂಡು ಹೊಟ್ಟೆಯ ಮುಂದೆ ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದಳು. ಆಮೇಲೆ ಕೈ ತಿರುಗುತ್ತಿತ್ತು. ಇಪ್ಪತ್ತು ಚೆಂಡು, ಮೂವತ್ತು ಚೆಂಡು. ಸೌಜನ್ಯಳ ಅಂಗೈ ಉರಿಯತೊಡಗಿತು.

ಆಗ ಅವಳಿಗೆ ಅದು ಕಾಣಿಸಿತು.

ನಿಧಾನದ ಚೆಂಡು ಬರುವ ಮೊದಲು ಅಪೇಕ್ಷಾಳ ಗ್ಲೌಸ್ ಒಂಚೂರು ಅಗಲ ಆಗುತ್ತಿತ್ತು. ಬೇರೆ ಚೆಂಡಿಗೆ ಆಗುತ್ತಿರಲಿಲ್ಲ. ನಿಧಾನದ ಚೆಂಡನ್ನು ಅವಳು ಅಂಗೈಯ ಆಳಕ್ಕೆ ಒತ್ತಿ ಹಿಡಿಯಬೇಕು, ಹಾಗೆ ಒತ್ತುವಾಗ ಗ್ಲೌಸ್ ಬಾಯಿ ಬಿಡುತ್ತಿತ್ತು. ಸೌಜನ್ಯ ಮನಸ್ಸಿನಲ್ಲೇ ಪರೀಕ್ಷೆ ಮಾಡಿದಳು. ಅಗಲ ಆಯಿತು, ನಿಧಾನ. ಆಗಲಿಲ್ಲ, ವೇಗ. ಆಗಲಿಲ್ಲ, ವೇಗ. ಅಗಲ ಆಯಿತು, ನಿಧಾನ. ಒಂದೂ ತಪ್ಪಲಿಲ್ಲ.

ಇದನ್ನು ತಿಳಿದರೆ ಯಾರು ಬೇಕಾದರೂ ಹೊಡೆಯಬಹುದಿತ್ತು.

ಅಷ್ಟರಲ್ಲಿ ಅಪೇಕ್ಷಾ ನಿಲ್ಲಿಸಿ ಹತ್ತಿರ ಬಂದಳು. ಸೌಜನ್ಯಳ ಕೆಂಪಾದ ಅಂಗೈ ನೋಡಿ, ತನ್ನ ಬಾಟಲಿಯ ನೀರು ಸುರಿದಳು. ಆಮೇಲೆ ಕೇಳಿದಳು.

"ಒಂದು ವಿಷಯ ಹೇಳು. ನಾನು ಸ್ಲೋ ಬಾಲ್ ಹಾಕ್ತೀನಲ್ಲ, ಅದು ಬರೋ ಮೊದಲೇ ನಿಂಗೆ ಗೊತ್ತಾಗುತ್ತಾ? ಹೋದ ಮ್ಯಾಚಲ್ಲಿ ಇಬ್ಬರು ಅದನ್ನೇ ಹೊಡೆದ್ರು. ನಂದು ಏನೋ ತಪ್ಪಾಗ್ತಾ ಇದೆ. ಎದುರಿಗೆ ನಿಂತು ನೋಡಿ ಹೇಳೋರೇ ಯಾರೂ ಇಲ್ಲ."

ಸೌಜನ್ಯ ತನ್ನ ಅಂಗೈಯನ್ನೇ ನೋಡಿದಳು.

"ಗೊತ್ತಾಗಲ್ಲ," ಅಂದಳು. "ಎಲ್ಲಾ ಒಂದೇ ಥರ ಇದೆ."

ಅಪೇಕ್ಷಾ ನಿರಾಳವಾಗಿ ಉಸಿರು ಬಿಟ್ಟಳು.

ಮೈದಾನದ ಆಚೆಯ ಮನೆಯಿಂದ ಅವಳ ಅಮ್ಮ ಕೂಗಿದರು. "ಅಪೇಕ್ಷಾ, ದೋಸೆ ತಣದು ಹೋತು. ಬತ್ಯಾ ಇಲ್ಯಾ?"

"ಬತ್ತೆ ಅಮ್ಮಾ, ಇನ್ನು ಹತ್ತೇ ಬಾಲು ಇದ್ದು," ಎಂದು ಅಪೇಕ್ಷಾ ಕೂಗಿ ಹೇಳಿದಳು. ಹತ್ತು ಚೆಂಡು ಮುಗಿದ ಮೇಲೆ ಸೌಜನ್ಯಳನ್ನೂ ಕೈಹಿಡಿದು ಎಳೆದುಕೊಂಡೇ ಹೋದಳು. ಅವಳ ಅಮ್ಮ ದೋಸೆಗೆ ಪಾಕದಂಥ ಜೋನಿ ಬೆಲ್ಲ ಹಾಕಿ ಕೊಟ್ಟರು. ಯಾವ ಊರು, ಯಾವ ಕ್ಲಾಸು ಎಂದು ಕೇಳಿದಾಗ ಸೌಜನ್ಯ ಬಾಯಿತುಂಬಾ ದೋಸೆ ತುಂಬಿಕೊಂಡು, ಕೋಣಂದೂರಿನ ಕಡೆ ಅಂದುಬಿಟ್ಟಳು. ಮೂರನೇ ದೋಸೆ ಬೇಡ ಎಂದು ತಟ್ಟೆ ಹಿಡಿದು ಎದ್ದಳು.

ಸೋಮವಾರ ಅವಳು ನೋಟ್‌ಬುಕ್ಕನ್ನು ಪೂರ್ಣೇಶ್ ಸರ್ ಕೈಗೆ ಕೊಟ್ಟಳು. ಮೊದಲ ಬಾಲು ಯಾವಾಗಲೂ ಕೆಳಗೆ, ಮೊಣಕಾಲಿನ ಹತ್ತಿರ. ಸುಸ್ತಾದಾಗ ಬಾಲು ಎತ್ತರಕ್ಕೆ ಹೋಗುತ್ತದೆ. ಎರಡು ವೇಗದ ಬಾಲಿನ ನಂತರ ಒಂದು ನಿಧಾನದ್ದು ಹಾಕುವುದು ಜಾಸ್ತಿ. ಗೋಡೆಯ ಹಿಂದೆ ಕೂತಾಗ ಬರೆದದ್ದೆಲ್ಲ ಅದರಲ್ಲಿತ್ತು. ಗ್ಲೌಸಿನ ವಿಷಯ ಇರಲಿಲ್ಲ.

ಅದನ್ನು ಬರೆಯಲು ಅವಳು ಪೆನ್ನು ಹಿಡಿದಿದ್ದಳು. ಆದರೆ ಅಪೇಕ್ಷಾ ಬೆರಳುಗಳನ್ನು ಒಂದೊಂದಾಗಿ ಗ್ಲೌಸಿಗೆ ಸೇರಿಸಿದ್ದು ನೆನಪಾಗಿ, ಪೆನ್ನು ಕೆಳಗಿಟ್ಟಿದ್ದಳು.

ಸರ್ ಓದಿ ಬಹಳ ಹೊಗಳಿದರು. ವಿನಯಾ ಮಾತ್ರ ನೋಟ್‌ಬುಕ್ಕನ್ನು ಎರಡೆರಡು ಸಲ ತಿರುವಿದಳು. ವಿನಯಾ ಹತ್ತನೇ ಕ್ಲಾಸು. ಮುಂದಿನ ವರ್ಷ ಅವಳು ಈ ತಂಡದಲ್ಲಿ ಇರುವುದಿಲ್ಲ. ಹೋದ ವರ್ಷ ಮೂರನೇ ಸಲ ಔಟಾದ ಮೇಲೆ ಅವಳು ಬಸ್ಸಿನಲ್ಲಿ ಹೊಸನಗರದವರೆಗೆ ಯಾರ ಜೊತೆಯೂ ಮಾತಾಡಿರಲಿಲ್ಲವಂತೆ.

"ಸ್ಲೋ ಬಾಲ್ ಯಾವಾಗ ಬರುತ್ತೆ ಅಂತ ಮೊದಲೇ ಗೊತ್ತಾಗಲ್ವಾ?" ಎಂದು ಅವಳು ಕೇಳಿದಳು.

"ಗೊತ್ತಾಗಲ್ಲ ವಿನಯಕ್ಕ," ಅಂದಳು ಸೌಜನ್ಯ.

ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಅವತ್ತು ಅಪೇಕ್ಷಾಳಿಗೆ ಹೇಳಿದ್ದು ಇದೇ ಮಾತು. ಅವಳಿಗೂ ಸುಳ್ಳು, ಇವಳಿಗೂ ಸುಳ್ಳು.

ಮಂಗಳವಾರದ ಪ್ರಾಕ್ಟೀಸಿನಲ್ಲಿ ಸೌಜನ್ಯ ಸುಲಭದ ಕ್ಯಾಚು ಬಿಟ್ಟಳು. ಮನೆಯಲ್ಲಿ ಅಮ್ಮ ಮೈ ಮುಟ್ಟಿ ನೋಡಿ ಜ್ವರ ಏನಿಲ್ಲವಲ್ಲ ಅಂದರು. ಅಪ್ಪ ಭೂತಪ್ಪ, ಮ್ಯಾಚಿನ ಭಯ ಇರಬೇಕು ಬಿಡು ಅಂದರು. ಸೌಜನ್ಯ ಹೌದು ಎಂದು ತಲೆ ಆಡಿಸಿದಳು. ಅದೂ ನಿಜವಲ್ಲ.

ಬುಧವಾರ ಬೆಳಿಗ್ಗೆ ಸಾಗರದ ಬಸ್ಸಿನಲ್ಲಿ ಅವಳಿಗೆ ಕಿಟಕಿ ಸೀಟು ಸಿಕ್ಕಿತು. ಪಕ್ಕದಲ್ಲಿ ವಿನಯಾ. ಮುಂದಿನ ಸೀಟಿನಲ್ಲಿ ಪೂರ್ಣೇಶ್ ಸರ್, ಬ್ಯಾಟುಗಳ ಚೀಲವನ್ನು ಕಾಲ ನಡುವೆ ನಿಲ್ಲಿಸಿಕೊಂಡು ಕೂತಿದ್ದರು. ಬಸ್ಸು ಊರು ಬಿಟ್ಟು ಅರ್ಧ ಗಂಟೆಯಾಗಿರಬೇಕು. ಸೌಜನ್ಯ ಹೇಳಿಬಿಟ್ಟಳು. ಮೊದಲಿಂದ ಕೊನೆಯವರೆಗೆ, ದೋಸೆಯನ್ನೂ ಸೇರಿಸಿ. ಕೊನೆಗೆ, ಅಪೇಕ್ಷಾಳಿಗೂ ಹೋಗಿ ಹೇಳಬೇಕು ಅನ್ನಿಸುತ್ತಿದೆ ಎಂದಳು.

ವಿನಯಾ ಅವಳ ಕಡೆ ತಿರುಗಿದಳು.

"ಸೋಮವಾರ ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

ಸೌಜನ್ಯ ಮಡಿಲಲ್ಲಿದ್ದ ಗ್ಲೌಸಿನೊಳಗೆ ಬೆರಳು ತೂರಿಸಿ ತೆಗೆದಳು.

ಸರ್ ಹಿಂದಕ್ಕೆ ತಿರುಗಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು. ಎದುರಾಳಿ ಆಡುವುದನ್ನು ನೋಡುವುದು ತಪ್ಪೇನಲ್ಲ, ಎಲ್ಲ ತಂಡದವರೂ ನೋಡುತ್ತಾರೆ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡಿ ಬಾ ಅಂತ ಕಳಿಸಿದೆ. ಯಾರಾದ್ರೂ ಮಾತಾಡಿಸಿದ್ರೆ ಏನು ಹೇಳ್ಬೇಕು ಅಂತ ನಾನು ಯೋಚನೆನೇ ಮಾಡ್ಲಿಲ್ಲ ಕಣಮ್ಮ. ಅದು ನನ್ನ ತಪ್ಪು." ಅವರು ವಿನಯಾಳ ಕಡೆ ನೋಡಿದರು. "ನೀನು ಕ್ಯಾಪ್ಟನ್. ನೀನೇ ಹೇಳು."

ಎರಡು ಸ್ಟಾಪು ದಾಟಿದವು. ಸೌಜನ್ಯ ಬೆರಳ ಉಗುರು ಕಚ್ಚುತ್ತಾ ಕಾದಳು.

"ಹೇಳ್ಬೇಕು ಅನ್ನಿಸಿದ್ರೆ ಹೇಳು," ಅಂದಳು ವಿನಯಾ ಕೊನೆಗೆ. "ಆದ್ರೆ ನಾನಂತೂ ಗ್ಲೌಸ್ ನೋಡೇ ನೋಡ್ತೀನಿ."

ಸಾಗರದ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ಅಪೇಕ್ಷಾ ಒಂದು ಮೂಲೆಯಲ್ಲಿ ಕೂತು ಶೂ ಕಟ್ಟಿಕೊಳ್ಳುತ್ತಿದ್ದಳು. ಸೌಜನ್ಯಳನ್ನು ನೋಡಿ ಮೊದಲು ನಕ್ಕಳು. ಆಮೇಲೆ ಅವಳ ಜರ್ಸಿಯ ಮೇಲಿದ್ದ ಹೊಸನಗರ ಎಂಬ ಅಕ್ಷರಗಳನ್ನು ಓದಿದಳು. ನಗು ಮಾಯವಾಯಿತು.

ಸೌಜನ್ಯ ಎದುರಿಗೆ ಹೋಗಿ ನಿಂತಳು. ನಿಲ್ಲಿಸದೆ ಹೇಳಿದಳು. "ನಾನು ಕೋಣಂದೂರಿನವಳಲ್ಲ ಅಕ್ಕ. ನಿಮ್ಮ ಬೌಲಿಂಗ್, ಅಲ್ಲ, ಪಿಚಿಂಗ್ ನೋಡೋಕೆ ಬಂದಿದ್ದೆ. ನೀವು ಕೇಳ್ದಾಗ ಸುಳ್ಳು ಹೇಳ್ದೆ. ಸ್ಲೋ ಬಾಲ್ ಹಾಕೋ ಮೊದಲು ನಿಮ್ಮ ಗ್ಲೌಸ್ ಅಗಲ ಆಗುತ್ತೆ."

ಅಪೇಕ್ಷಾ ಪಕ್ಕದಲ್ಲಿದ್ದ ಗ್ಲೌಸನ್ನು ಎತ್ತಿಕೊಂಡಳು. ಚೆಂಡನ್ನು ಒಳಗಿಟ್ಟು, ಅಂಗೈಗೆ ಒತ್ತಿದಳು. ಗ್ಲೌಸ್ ಬಾಯಿ ಬಿಟ್ಟಿತು. ಅವಳು ಇನ್ನೊಂದು ಸಲ ಹಾಗೇ ಮಾಡಿ ನೋಡಿದಳು.

"ದೋಸೆ ತಿನ್ನುವಾಗ್ಲಾದ್ರೂ ಹೇಳಬಹುದಿತ್ತು," ಅಂದಳು.

"ಹೇಳಬಹುದಿತ್ತು," ಅಂದಳು ಸೌಜನ್ಯ.

ಅಷ್ಟರಲ್ಲಿ ಅಪೇಕ್ಷಾಳ ತಂಡದ ಮೇಷ್ಟ್ರು ಸೀಟಿ ಊದಿ ಕರೆದರು. ಅಪೇಕ್ಷಾ ಎದ್ದು ಹೋದಳು. ತಿರುಗಿ ನೋಡಲಿಲ್ಲ.

ಪಂದ್ಯ ಶುರುವಾಯಿತು. ಮೊದಲ ಸರದಿಯಲ್ಲಿ ಅಪೇಕ್ಷಾಳ ಕೈ ಅವಳ ಮಾತು ಕೇಳಲಿಲ್ಲ. ಪ್ರತಿ ಚೆಂಡಿಗೂ ಮೊದಲು ತಲೆ ಬಗ್ಗಿಸಿ ಗ್ಲೌಸ್ ನೋಡಿಕೊಳ್ಳುತ್ತಿದ್ದಳು. ಚೆಂಡು ಒಮ್ಮೆ ನೆಲಕ್ಕೆ ಬಡಿಯಿತು, ಒಮ್ಮೆ ಬ್ಯಾಟ್ ಹಿಡಿದವಳ ತಲೆಯ ಮೇಲೆ ಹೋಯಿತು. ನಾಲ್ಕು ಚೆಂಡು ಹೀಗೆ ದಾರಿ ತಪ್ಪಿದರೆ ಬ್ಯಾಟರ್ ನಡೆದುಕೊಂಡೇ ಮೊದಲ ಬೇಸಿಗೆ ಹೋಗಬಹುದು. ಹೊಸನಗರದ ಮೂವರು ನಡೆದುಕೊಂಡೇ ಹೋದರು. ಆಮೇಲಿನವಳ ಒಂದು ಹೊಡೆತಕ್ಕೆ ಎರಡು ರನ್ ಬಂದವು.

ಬೆಂಚಿನಲ್ಲಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. ಒಬ್ಬಳು ಸೌಜನ್ಯಳ ಬೆನ್ನಿಗೆ ಗುದ್ದಿ, ಒಳ್ಳೇ ಪ್ಲಾನು ಮಾಡಿದೆ, ಅವಳ ತಲೆ ಕೆಡಿಸಿಬಿಟ್ಟೆ ಅಂದಳು.

ಸೌಜನ್ಯ ಮೈದಾನದ ನಡುವೆ ನೋಡಿದಳು. ಅಪೇಕ್ಷಾ ಅಲ್ಲಿಂದ ಅವಳನ್ನೇ ನೋಡುತ್ತಿದ್ದಳು. ಅವಳೂ ಹಾಗೇ ಅಂದುಕೊಂಡಿದ್ದಾಳೆ. ತಾನು ಹೇಳಿದ್ದು ಆಟ ಕೆಡಿಸಲಿಕ್ಕೇ ಅಂದುಕೊಂಡಿದ್ದಾಳೆ. ಸೌಜನ್ಯ ಅಲ್ಲ, ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಅಷ್ಟು ದೂರದಿಂದ ಅದು ಕಂಡಿತೋ ಇಲ್ಲವೋ.

ಮೂರನೇ ಸರದಿಯಲ್ಲಿ ಅಪೇಕ್ಷಾ ಕೈ ಎತ್ತಿ ಆಟ ನಿಲ್ಲಿಸಿದಳು. ಜ್ವರ ಬಿಟ್ಟು ಬಂದಿದ್ದ ಅವರ ಕ್ಯಾಚರ್ ಹುಡುಗಿ ಓಡಿ ಬಂದಳು. ಇಬ್ಬರೂ ಏನೋ ಮಾತಾಡಿಕೊಂಡರು. ಅಪೇಕ್ಷಾ ಗ್ಲೌಸನ್ನು ಹೊಟ್ಟೆಗೆ ಒತ್ತಿ ಹಿಡಿದು ತೋರಿಸಿದಳು. ಕ್ಯಾಚರ್ ತಲೆ ಆಡಿಸಿ ಹಿಂದಕ್ಕೆ ಹೋದಳು.

ಅಲ್ಲಿಂದ ಮುಂದೆ ಗ್ಲೌಸ್ ಅಲುಗಲಿಲ್ಲ. ವೇಗದ ಚೆಂಡಿಗೂ ಹಾಗೇ, ನಿಧಾನದ ಚೆಂಡಿಗೂ ಹಾಗೇ. ಸಾಲಾಗಿ ಐದು ಜನ ಔಟಾದರು. ಅತ್ತ ಅಪೇಕ್ಷಾಳ ತಂಡ ಒಂದೊಂದಾಗಿ ಮೂರು ರನ್ ಮಾಡಿತು.

ಕೊನೆಯ ಸರದಿ. ಹೊಸನಗರದ ಇಬ್ಬರು ಆಗಲೇ ಔಟು, ಇನ್ನೊಬ್ಬಳು ಔಟಾದರೆ ಆಟ ಮುಗಿದಂತೆ. ವಿನಯಾ ಬ್ಯಾಟ್ ಹಿಡಿದು ನಿಂತಳು. ಎರಡು ವೇಗದ ಚೆಂಡು ತಪ್ಪಿದವು. ಮೂರನೆಯದು ಬಂತು. ಮೈದಾನದ ಅಂಚಿನಿಂದ ಸೌಜನ್ಯಳಿಗೆ ಅದು ಎಂಥದ್ದು ಎಂದು ಗೊತ್ತಾಗಲಿಲ್ಲ. ಆದರೆ ವಿನಯಾ ಒಂದು ಕ್ಷಣ ತಡೆದು, ಆಮೇಲೆ ಬೀಸಿದಳು. ಠಣ್ ಎಂದು ಸದ್ದಾಯಿತು. ಚೆಂಡು ಎಡಗಡೆಯ ಹುಡುಗಿಯರ ನಡುವೆ ನುಗ್ಗಿ ಹೋಯಿತು. ವಿನಯಾ ಓಡಿದಳು, ಓಡಿದಳು, ಮೂರನೇ ಬೇಸ್ ಮುಟ್ಟಿ ನಿಂತಳು. ಅಲ್ಲಿಂದ ಹಲ್ಲು ಬಿಟ್ಟು ನಗುತ್ತಿದ್ದಳು.

ಮುಂದಿನ ಬ್ಯಾಟರ್ ಸೌಜನ್ಯ.

ಅವಳು ಹೊಡೆದರೆ ವಿನಯಾ ಬಂದು ರನ್ ಸರಿಸಮ. ಅವಳು ಅಪೇಕ್ಷಾಳ ಗ್ಲೌಸನ್ನು ನೋಡಿದಳು. ಏನೂ ಕಾಣಲಿಲ್ಲ. ಮೊದಲ ಚೆಂಡು ಮೊಣಕಾಲಿನ ಹತ್ತಿರ, ತಪ್ಪಿತು. ಎರಡನೆಯದು ಬ್ಯಾಟನ್ನು ಸವರಿ ಹಿಂದೆ ಹೋಯಿತು, ಅದೂ ತಪ್ಪಿದ ಲೆಕ್ಕವೇ. ಗ್ಲೌಸ್ ಮತ್ತೆ ಹೊಟ್ಟೆಯ ಮುಂದೆ ನಿಂತಿತು. ಅಲುಗಲಿಲ್ಲ. ಕೈ ಗಿರ್ರನೆ ತಿರುಗಿತು. ಸೌಜನ್ಯ ಇದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದಳು.

ಚೆಂಡು ಇನ್ನೂ ಅರ್ಧ ದಾರಿಯಲ್ಲಿತ್ತು.

ಪಂದ್ಯ ಮುಗಿಯಿತು. ಮೂರು, ಎರಡು.

ಎರಡೂ ತಂಡದವರು ಸಾಲಾಗಿ ನಿಂತು ಕೈಕುಲುಕಿದರು. ಅಪೇಕ್ಷಾ ಬಂದಾಗ ಸೌಜನ್ಯ ನೆಲ ನೋಡಿದಳು. ಅಪೇಕ್ಷಾ ಅವಳ ಕೈ ಬಿಡಲಿಲ್ಲ.

"ಕೊನೇ ಬಾಲು," ಅಂದಳು. "ಮೊದಲೇ ಗೊತ್ತಾಯ್ತಾ?"

"ಇಲ್ಲ."

"ನಿಜ ಹೇಳು."

"ನಿಜವಾಗ್ಲೂ ಗೊತ್ತಾಗ್ಲಿಲ್ಲ ಅಕ್ಕ."

ಅಪೇಕ್ಷಾ ಅವಳ ಕೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟಳು. ನಿಮ್ಮ ಕ್ಯಾಪ್ಟನ್ ಹೊಡೆದದ್ದೂ ಸ್ಲೋ ಬಾಲೇ, ಅವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಹಿಂದೆ ನಿಂತಿದ್ದ ವಿನಯಾ ತಾನೇ ಉತ್ತರ ಕೊಟ್ಟಳು. "ಗೊತ್ತಾಗ್ಲಿಲ್ಲ. ಸುಮ್ಮನೆ ಕಾದೆ." ಮೂವರಿಗೂ ನಗು ಬಂತು.

ಸೋತ ತಂಡದ ಬಸ್ಸಿನಲ್ಲಿ ಅಂದು ಯಾರೂ ಅಳಲಿಲ್ಲ. ಹೋಗುತ್ತಾ ಹೋಗುತ್ತಾ ವಿನಯಾ ತನ್ನ ಹೊಡೆತವನ್ನು ನಾಲ್ಕು ಸಲ ವರ್ಣಿಸಿದಳು. ನಾಲ್ಕನೇ ಸಲ ಚೆಂಡು ಇನ್ನಷ್ಟು ದೂರ ಹೋಗಿತ್ತು. ಪೂರ್ಣೇಶ್ ಸರ್ ಬಾಯಿ ತೆರೆದು ನಿದ್ದೆ ಮಾಡಿದರು.

ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಇನ್ನೂ ಬಿಸಿಲಿತ್ತು. ಸೋತೆವು ಎಂದು ಕೇಳಿ, ಹೋಗಲಿ ಬಿಡು ಅಂದರು. ಆಮೇಲೆ ಮಗಳ ಮುಖ ನೋಡಿ, ಸೋತವಳ ಹಾಗೆ ಕಾಣ್ತಾ ಇಲ್ವಲ್ಲ, ಏನಾಯ್ತು ಎಂದು ಕೇಳಿದರು.

ಸೌಜನ್ಯ ಹಿಂದೆ ಹತ್ತಿ ಕೂತು, ಭಾನುವಾರದಿಂದ ಶುರು ಮಾಡಿದಳು. ಗೋಡೆಯ ಹಿಂದೆ ಕೂತದ್ದು, ಚೆಂಡು ಉರುಳಿ ಬಂದದ್ದು, ಅತ್ತೆಯ ಮನೆಯಲ್ಲಿ ಅಪ್ಪ ಕಾಫಿ ಕುಡಿಯುತ್ತಿದ್ದಾಗ ತಾನು ಮೈದಾನದಲ್ಲಿ ಏನು ಹೇಳುತ್ತಿದ್ದೆ ಎನ್ನುವುದು. ಅಪ್ಪ ಬೈಕನ್ನು ನಿಧಾನ ಮಾಡಿದರು. ಅವಳು ನಿಲ್ಲಿಸಿದಾಗಲೆಲ್ಲ, "ಮತ್ತೆ?" ಅನ್ನುತ್ತಿದ್ದರು.

ಅವಳು ಹೇಳುತ್ತಾ ಹೋದಳು. ಇದನ್ನು ಬಿಟ್ಟು ಹೇಳಬೇಕು, ಇಲ್ಲಿ ಮಾತು ಬದಲಿಸಬೇಕು ಎಂಬ ಜಾಗ ಯಾವುದೂ ಬರಲಿಲ್ಲ. ಮನೆಯ ತಿರುವು ಬಂದಾಗ ಅವಳ ಮಾತು ಇನ್ನೂ ಪಂದ್ಯದ ಮೊದಲ ಸರದಿಯಲ್ಲೇ ಇತ್ತು. ಇನ್ನೊಂದು ಸುತ್ತು ಹೋಗೋಣ ಅಪ್ಪಾ ಎಂದಳು.

ಅಪ್ಪ ಮನೆಯನ್ನು ದಾಟಿಕೊಂಡು ಮುಂದೆ ಹೋದರು.